ಹಾಡಿದವರ ಹೆಸರು ಬಿಡಬೇಡಿ

ಪ್ರಶ್ನೆ: ನಮ್ಮ ಸಾಂಸ್ಕೃತಿಕ ಸಂಘ ಜನಪದ ಹಾಡುಗಳ ಧ್ವನಿಸಂಗ್ರಹ ಮಾಡಬೇಕೆಂದಿದೆ. ನಮ್ಮಲ್ಲಿ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು, ಕಾಡಿನ ಬುಡಕಟ್ಟಿನ ಸೋಲಿಗರು, ನಾಟಿ ಹಾಡು ಹೇಳುವ ಹೆಂಗಸರು ಇದ್ದಾರೆ. ಇದುವರೆಗೆ ಅವರನ್ನು ಯಾರೂ ಕೇಳಿಲ್ಲ. ಎಲ್ಲಿಂದ ಶುರು ಮಾಡೋಣ?
– ಓದುಗರು, ಕೊಳ್ಳೇಗಾಲ

ಉತ್ತರ: ಮೊದಲು ಸಮಿತಿ ಸರಿಮಾಡಿಕೊಳ್ಳಿ, ಮೈಕು ಆಮೇಲೆ. ಯಾವುದನ್ನು ಮುದ್ರಿಸಬೇಕು, ಯಾವುದನ್ನು ಹೊರಗೆ ಕೇಳಿಸಬಾರದು ಎಂದು ತೀರ್ಮಾನಿಸುವಾಗ ಹಾಡುವ ಸಮುದಾಯದ ಇಬ್ಬರಾದರೂ ಅಲ್ಲಿರಲಿ. ಒಬ್ಬರೇ ಆದರೆ ಬಾಯಿ ಬಿಡಲು ಹಿಂಜರಿಯುತ್ತಾರೆ. ಸಭೆಗೆ ಬಂದ ದಿನ ಅವರ ಕೂಲಿ ತಪ್ಪುತ್ತದೆ; ಅದನ್ನೂ ಬಸ್ ಚಾರ್ಜನ್ನೂ ಅವತ್ತೇ ಕೊಡಿ. ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು 2019ರಲ್ಲಿ. ಜೋಗತಿ ನೃತ್ಯದ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆಯೊಬ್ಬರಿಗೆ ಆ ಕುರ್ಚಿ ಸಿಗಲು ಅಷ್ಟು ಕಾಲ ಬೇಕಾಯಿತು. ನೀವು ಅಷ್ಟು ತಡಮಾಡಬೇಡಿ.

ಮಂಟೇಸ್ವಾಮಿ ಕಾವ್ಯ ರಾತ್ರಿಯಿಡೀ ಹಾಡುವಂಥದ್ದು. ಹತ್ತು ನಿಮಿಷದಲ್ಲಿ ಮುಗಿಸಿ ಎಂದರೆ ಕಥೆಯೇ ಉಳಿಯುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್ ವೇವ್ (ದನಿಯನ್ನು ಕುಗ್ಗಿಸದೆ ಇಡುವ) ಫೈಲಿನಲ್ಲಿ ಸ್ಟೀರಿಯೋ ಮುದ್ರಿಸಿದರೆ ಗಂಟೆಗೆ ಸುಮಾರು 1 ಜಿಬಿ ಬೇಕು. 32 ಜಿಬಿ ಕಾರ್ಡು ಧಾರಾಳವಾಯಿತು. ಮುಖ್ಯ ಗಾಯಕರಿಗೆ ಒಂದಡಿ ದೂರದಲ್ಲಿ ಒಂದು ಮೈಕು, ಹಿಮ್ಮೇಳಕ್ಕೆ ಇನ್ನೊಂದು. ಒಂದನ್ನೇ ನಡುವೆ ಇಟ್ಟರೆ ವಾದ್ಯ ಮಾತನ್ನು ನುಂಗುತ್ತದೆ. ಏರುದನಿಯಲ್ಲೂ ರೆಕಾರ್ಡರಿನ ಮೀಟರಿನಲ್ಲಿ ಮಟ್ಟ ಮೈನಸ್ 12 ಡೆಸಿಬಲ್ ದಾಟದಿರಲಿ. ಮೊಬೈಲಿನಲ್ಲಿ ಮುದ್ರಿಸುವವರು ದನಿಯ ಮಟ್ಟವನ್ನು ಕೈಯಾರೆ ಹೊಂದಿಸುವ ಆ್ಯಪ್ ಬಳಸಿ. ಇಲ್ಲವಾದರೆ ಡಕ್ಕಿ ವಾದ್ಯದ ಪೆಟ್ಟು ಬಿದ್ದಾಗೆಲ್ಲ ಫೋನು ತಾನೇ ಮಟ್ಟ ಇಳಿಸಿ, ಹಾಡಿನ ಪದ ಅಡಗಿಹೋಗುತ್ತದೆ. ಫ್ಯಾನು ಆರಿಸಿ.

ಒಪ್ಪಿಗೆಯನ್ನು ನಾಲ್ಕಾಗಿ ಬಿಡಿಸಿ ಕೇಳಿ: ಸಂಗ್ರಹದಲ್ಲಿಡಲು, ಸಂಘದ ಕೊಠಡಿಗೆ ಬಂದವರಿಗೆ ಕೇಳಿಸಲು, ಯೂಟ್ಯೂಬಿಗೆ ಹಾಕಲು, ಮಾರಲು. ಒಂದಕ್ಕೆ ಹೂಂ ಅಂದವರು ಇನ್ನೊಂದಕ್ಕೆ ಬೇಡ ಅನ್ನಬಹುದು. ಓದಿ ಹೇಳಿ, ಉತ್ತರವನ್ನೂ ಮುದ್ರಿಸಿಕೊಳ್ಳಿ. ಗಂಡಸರ ಮುಂದೆ ಹೇಳದ ಹಾಡುಗಳೂ ಇರುತ್ತವೆ, ಅಲ್ಲಿಗೆ ಹೆಂಗಸರೇ ಹೋಗಲಿ.

ಪ್ರತಿ ಫೈಲಿಗೂ ಒಂದು ಚೀಟಿ: ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ಯಾವ ಸಂದರ್ಭದ ಹಾಡು. ‘ಹಾಡಿದವರು: ಗ್ರಾಮೀಣ ಮಹಿಳೆಯರು’ ಎಂದು ಮಾತ್ರ ಬರೆಯಬೇಡಿ. ಎಂಟು ಜನ ಹಾಡಿದ್ದರೆ ಎಂಟೂ ಹೆಸರು ಬೇಕು. ಫೈಲಿನ ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿರಲಿ.

ಪ್ರಶ್ನೆ: ಅಕ್ಷರಕ್ಕಿಳಿಸುವಾಗ ಭಾಷೆ ತಿದ್ದಬಹುದೇ?

ಉತ್ತರ: ಬೇಡ. ‘ಬತ್ತಾನೆ’ ಅಂದದ್ದನ್ನು ‘ಬರುತ್ತಾನೆ’ ಮಾಡಿದರೆ ಒಂದು ಅಕ್ಷರ ಹೆಚ್ಚಾಗಿ ತಾಳ ಕೆಡುತ್ತದೆ, ಆ ಸೀಮೆಯ ನುಡಿಯೂ ಅಳಿಸಿಹೋಗುತ್ತದೆ. ಸೋಲಿಗರ ಹಾಡನ್ನು ಅವರಲ್ಲೇ ಓದು ಬಲ್ಲ ಹುಡುಗ ಹುಡುಗಿಯರಿಗೆ ಸಂಭಾವನೆ ಕೊಟ್ಟು ಬರೆಸಿ. ಕರಡನ್ನು ಹಾಡಿದವರ ಮುಂದೆ ಓದಿ, ಅವರು ಹೇಳಿದ್ದನ್ನಷ್ಟೇ ತಿದ್ದಿ. ಅವರ ಪಾಲಿನ ಪ್ರತಿಯನ್ನು ಅವರ ಫೋನಿನಲ್ಲೇ ಕೇಳಿಸುವಂತೆ ಎಂಪಿ3 ಮಾಡಿ ಹಾಕಿಕೊಡಿ.