ಸತ್ತ ಮೇಲೂ ಬಿಡದ ಜೀತ

ಜೊಂಬಿ ಸಿನಿಮಾಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಶಿರಸಿಯಿಂದ ಪತ್ರ ಬರೆದಿದ್ದೀರಿ. ‘ನಮ್ಮಲ್ಲಿ ದೆವ್ವಗಳಿಗೇನು ಬರವೇ? ಹಾಲಿವುಡ್‌ನವರು ಹುಟ್ಟಿಸಿದ ಈ ಕೊಳೆತ ಹೆಣಗಳು ಅಂದರೆ ನನ್ನ ಮಗನಿಗೆ ಯಾಕಿಷ್ಟು ಹುಚ್ಚು?’ ಅಂತ ಕೇಳಿದ್ದೀರಿ.

ಜೊಂಬಿ ಹಾಲಿವುಡ್‌ನ ಕೂಸಲ್ಲ. ಅದು ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ, ಕಬ್ಬಿನ ಗದ್ದೆಗಳ ನಡುವೆ. ಆಗ ಹೈಟಿ ಫ್ರೆಂಚರ ವಸಾಹತು. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು ಅಲ್ಲಿ ಸಕ್ಕರೆಗಾಗಿ ದುಡಿದು ಸಾಯುತ್ತಿದ್ದರು. ಹುಟ್ಟುವವರಿಗಿಂತ ಸಾಯುವವರೇ ಜಾಸ್ತಿ. ಸತ್ತರೆ ಜೀವ ಗಿನಿಗೆ, ಅಂದರೆ ಆಫ್ರಿಕಾದ ತಮ್ಮ ನೆಲಕ್ಕೆ ಮರಳುತ್ತದೆ ಎಂಬುದು ಅವರ ನಂಬಿಕೆ. ಆ ಬಿಡುಗಡೆಯೂ ಕೈತಪ್ಪಿದವನೇ ಜೊಂಬಿ. ಬೊಕೋರ್ ಎಂಬ ಮಾಟಗಾರ ಗೋರಿಯಿಂದ ಎಬ್ಬಿಸಿ ಮತ್ತೆ ಗದ್ದೆಗೆ ಅಟ್ಟಿದ ಹೆಣ ಅದು. ಯಾರನ್ನೂ ಕಚ್ಚುವುದಿಲ್ಲ, ಸುಮ್ನೆ ತಲೆ ತಗ್ಗಿಸಿ ದುಡಿಯುತ್ತದೆ. ಹೈಟಿಯವರು ಹೆದರಿದ್ದು ಜೊಂಬಿಗಿಂತ ಹೆಚ್ಚಾಗಿ, ತಾವೇ ಜೊಂಬಿಯಾಗಿಬಿಟ್ಟರೆ ಅಂತ. ಇದಕ್ಕಿಂತ ಘೋರವಾದ ಭಯ ನನಗೆ ಗೊತ್ತಿಲ್ಲ.

1791ರಲ್ಲಿ ದಂಗೆಯೆದ್ದ ಆ ಗುಲಾಮರು 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರು. ಆದರೆ 1915ರಿಂದ 1934ರವರೆಗೆ ಅಮೆರಿಕದ ಸೇನೆ ಬಂದು ಕೂತಿತು, ರಸ್ತೆ ಹಾಕಲು ರೈತರನ್ನು ಹಿಡಿದು ಬಿಟ್ಟಿ ದುಡಿಸಿತು. ಹಳೆಯ ಭಯ ಮತ್ತೆ ಮೈಕೊಡವಿತು. ವಿಲಿಯಂ ಸೀಬ್ರೂಕ್ ಎಂಬ ಅಮೆರಿಕನ್ 1929ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಲ್ಲಿನವರು ಹೇಳಿದ ಒಂದು ಕತೆ ಇದೆ. ಒಬ್ಬ ಜೊಂಬಿಗಳ ತಂಡ ಕಟ್ಟಿಕೊಂಡು ಅಮೆರಿಕನ್ ಸಕ್ಕರೆ ಕಂಪನಿಯ ಕೆಲಸಕ್ಕೆ ಬರುತ್ತಾನೆ. ದುಡಿಮೆ ಅವರದು, ಕೂಲಿ ಇವನ ಜೇಬಿಗೆ. ಅವರಿಗೆ ಹಾಕುವ ಊಟದಲ್ಲಿ ಉಪ್ಪಿರಬಾರದು. ಒಂದು ಹಬ್ಬದ ದಿನ ಇವನ ಹೆಂಡತಿ ಕನಿಕರಪಟ್ಟು ಅವರಿಗೆಲ್ಲ ಮಿಠಾಯಿ ಕೊಡಿಸುತ್ತಾಳೆ. ಅದರಲ್ಲಿದ್ದ ಬೀಜಕ್ಕೆ ಮೊದಲೇ ಉಪ್ಪು ಹಾಕಿತ್ತು. ನಾಲಿಗೆಗೆ ಉಪ್ಪು ತಾಗಿದ್ದೇ ತಡ, ತಾವು ಸತ್ತವರು ಅನ್ನುವುದು ಅವರಿಗೆ ಗೊತ್ತಾಗುತ್ತದೆ. ಚೀರುತ್ತಾ ತಮ್ಮೂರಿನ ದಾರಿ ಹಿಡಿಯುತ್ತಾರೆ. ಮನೆಯವರು ಗುರುತು ಹಿಡಿದು ಕೂಗಿದರೂ ನಿಲ್ಲುವುದಿಲ್ಲ. ಸ್ಮಶಾನಕ್ಕೆ ಹೋಗಿ ತಂತಮ್ಮ ಗೋರಿಯ ಮಣ್ಣನ್ನು ಕೈಯಿಂದ ಬಗೆಯುತ್ತಾರೆ.

ಮಾಂಸ ತಿನ್ನುವ ಹೆಣಗಳ ಗುಂಪು ಬಂದದ್ದು ಬಹಳ ತಡವಾಗಿ. 1968ರಲ್ಲಿ ಜಾರ್ಜ್ ರೊಮೆರೊ ತೆಗೆದ ಕಪ್ಪುಬಿಳುಪು ಚಿತ್ರದಿಂದ ಅದು ರೂಢಿಯಾಯಿತು. ಅಲ್ಲಿ ಮಾಟಗಾರನೂ ಇಲ್ಲ, ಕಬ್ಬಿನ ಗದ್ದೆಯೂ ಇಲ್ಲ.

ಇನ್ನು ನಿಮ್ಮ ಮಗನ ಹುಚ್ಚಿನ ವಿಷಯ. ನಮ್ಮ ದೆವ್ವಕ್ಕೆ ಒಂದು ಹೆಸರಿರುತ್ತದೆ, ತೀರದ ಆಸೆಯೋ ಸೇಡೋ ಇರುತ್ತದೆ. ಏನು ಬೇಕು ಅಂತ ಕೇಳಬಹುದು, ಎಡೆ ಇಟ್ಟು ಕಳಿಸಬಹುದು. ಸಿನಿಮಾದ ಜೊಂಬಿ ಹತ್ತಿರ ಆ ಮಾತುಕತೆಯೇ ನಡೆಯುವುದಿಲ್ಲ. ನಿನ್ನೆಯವರೆಗೆ ತಂಗಿಯಾಗಿದ್ದವಳು ಇವತ್ತು ಗುರುತೇ ಇಲ್ಲದೆ ಮೇಲೆ ಬೀಳುತ್ತಾಳೆ. ಹಾಗಾಗಿ ಕತೆಯೆಲ್ಲ ಬಾಗಿಲ ಒಳಗೆ ಸಿಕ್ಕಿಕೊಂಡ ಬದುಕಿರುವವರದು. ಯಾರು ಯಾರನ್ನು ಕಾಪಾಡುತ್ತಾರೆ, ಯಾರು ಕೈಬಿಡುತ್ತಾರೆ? ಹದಿಹರೆಯದವರನ್ನು ಹಿಡಿದು ಕೂರಿಸುವುದು ಇದೇ ಅಂತ ನನಗನಿಸುತ್ತದೆ. 1968ರ ಚಿತ್ರದಲ್ಲಿ ರಾತ್ರಿಯಿಡೀ ಹೋರಾಡಿ ಬದುಕುಳಿಯುವವನು ಒಬ್ಬ ಕಪ್ಪು ಯುವಕ. ಬೆಳಗಾದಾಗ ಬಂದೂಕು ಹಿಡಿದು ಬಂದ ಬಿಳಿಯರ ಗುಂಪು ಅವನನ್ನೂ ಹೆಣಗಳಲ್ಲೊಂದು ಅಂದುಕೊಂಡು ಗುಂಡು ಹೊಡೆಯುತ್ತದೆ.

ಮಗನನ್ನು ಬಯ್ಯಬೇಡಿ. ಆ ಚಿತ್ರವನ್ನು ಒಮ್ಮೆ ಅವನ ಜೊತೆ ಕೂತು ನೋಡಿ. ಹೈಟಿಯ ಕತೆ ಅವನಿಗೆ ಗೊತ್ತಿರಲಿಕ್ಕಿಲ್ಲ, ಅದನ್ನು ನೀವೇ ಹೇಳಿ.

– ಸಂಪಾದಕ