ಮಗು ಮುಖ ತಿರುಗಿಸಿಕೊಂಡರೆ ನನ್ನನ್ನು ಒಲ್ಲೆ ಎಂದರ್ಥವೇ?

ಪ್ರಶ್ನೆ: ನನ್ನ ಮಗಳಿಗೆ ಮೂರು ತಿಂಗಳು ತುಂಬಿದೆ. ಮಾತನಾಡಿಸಿದರೆ ಸ್ವಲ್ಪ ಹೊತ್ತು ಕಣ್ಣರಳಿಸಿ ನೋಡಿ ನಗುತ್ತಾಳೆ, ಆಮೇಲೆ ಇದ್ದಕ್ಕಿದ್ದಂತೆ ಮುಖ ತಿರುಗಿಸಿಬಿಡುತ್ತಾಳೆ. ಮತ್ತೆ ಮತ್ತೆ ಕರೆದರೆ ಅಳುತ್ತಾಳೆ. ಹುಟ್ಟಿದ ಕೂಡಲೇ ಅವಳನ್ನು ಒಂಬತ್ತು ದಿನ ತೀವ್ರ ನಿಗಾ ಘಟಕದಲ್ಲಿ ಇರಿಸಿದ್ದರು, ಎತ್ತಿಕೊಳ್ಳಲು ನನಗೆ ಆಗಿರಲಿಲ್ಲ. ಆಗ ಬೆಳೆಯಬೇಕಿದ್ದ ಬಾಂಧವ್ಯ ತಪ್ಪಿಹೋಯಿತೇ?

ಉತ್ತರ: ಇಲ್ಲ. ನೀವು ವಿವರಿಸಿರುವುದು ಮೂರು ತಿಂಗಳ ಕೂಸು ತಾಯಿಯೊಂದಿಗೆ ನಡೆಸುವ ಮಾತುಕತೆಯನ್ನೇ. ಅದರಲ್ಲಿ ಮುಖ ತಿರುಗಿಸುವುದೂ ಒಂದು ಮಾತು.

ಈ ವಯಸ್ಸಿನ ಮಗುವಿಗೆ ಎದುರಿಗಿರುವ ಮುಖದಷ್ಟು ಹುರುಪು ಹುಟ್ಟಿಸುವ ವಸ್ತು ಬೇರೊಂದಿಲ್ಲ, ಆದರೆ ಆ ಹುರುಪನ್ನು ತಾನಾಗಿ ಹತೋಟಿಗೆ ತಂದುಕೊಳ್ಳುವ ಶಕ್ತಿ ಅದಕ್ಕಿನ್ನೂ ಬಹಳ ಕಡಿಮೆ. ಎದ್ದು ಹೋಗಲಾರದ, ‘ಸಾಕು’ ಎನ್ನಲಾರದ ಮಗುವಿನ ಕೈಯಲ್ಲಿರುವ ಉಪಾಯವೆಂದರೆ ನೋಟವನ್ನು ಬೇರೆಡೆಗೆ ಹರಿಸುವುದು. ನಾಳೆ ಗಮನಿಸಿ ನೋಡಿ: ಮೊದಲು ಅವಳ ಕೈಕಾಲುಗಳ ಆಟ ಜೋರಾಗುತ್ತದೆ, ಉಸಿರು ಚುರುಕಾಗುತ್ತದೆ, ಬೆರಳುಗಳು ಬಿರಿದು ನಿಲ್ಲುತ್ತವೆ, ಕೆಲವೊಮ್ಮೆ ಆಕಳಿಕೆಯೋ ಬಿಕ್ಕಳಿಕೆಯೋ ಬರುತ್ತದೆ; ಆ ಮೇಲೆ ಕಣ್ಣು ಗೋಡೆಯ ಕಡೆಗೆ ಹೊರಳುತ್ತದೆ. ಆಗ ನೀವು ಅವಳ ಮುಖವನ್ನು ಹಿಂಬಾಲಿಸದೆ, ದನಿ ತಗ್ಗಿಸಿ ಅಥವಾ ಸುಮ್ಮನೆ ಕಾಯುತ್ತಾ ಪಕ್ಕದಲ್ಲೇ ಇದ್ದರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ಸಾಮಾನ್ಯವಾಗಿ ಅವಳೇ ತಿರುಗಿ ನಿಮ್ಮನ್ನು ಹುಡುಕುತ್ತಾಳೆ. ಗಿಲಕಿ ಆಡಿಸಿ, ಕೆನ್ನೆ ತಟ್ಟಿ ಕರೆಯುವುದು ಪ್ರೀತಿಯಿಂದಲೇ ಆದರೂ, ಬಿಡುವು ಕೇಳಿದ ಮಗುವಿಗೆ ಅದು ಹೊರೆ.

ತಾಯಿ ಮತ್ತು ಮಗು ಸದಾ ಒಂದೇ ತಾಳದಲ್ಲಿರಬೇಕೆಂಬ ಕಲ್ಪನೆಯೇ ತಪ್ಪು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಮತ್ತು ಅವರ ಸಹೋದ್ಯೋಗಿಗಳು ತಾಯಿ-ಮಗುವಿನ ಆಟವನ್ನು ಚಿತ್ರೀಕರಿಸಿ ಕ್ಷಣಕ್ಷಣವನ್ನೂ ಪರಿಶೀಲಿಸಿದಾಗ, ಆರೋಗ್ಯವಂತ ಜೋಡಿಗಳಲ್ಲೂ ಇಬ್ಬರ ಭಾವ ಒಂದಾಗಿದ್ದುದು ಸುಮಾರು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಕೂಡುವುದು. ಅವರೇ 1970ರ ದಶಕದಲ್ಲಿ ನಡೆಸಿದ ಪ್ರಯೋಗದಲ್ಲಿ ತಾಯಂದಿರು ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಕುಳಿತಾಗ, ಮಕ್ಕಳು ಮೊದಲು ನಕ್ಕು ತಾಯಿಯನ್ನು ಸೆಳೆಯಲು ನೋಡಿದವು, ಅದು ಫಲಿಸದಿದ್ದಾಗ ಮುಖ ತಿರುಗಿಸಿಕೊಂಡವು. ಮರಳಿ ಕೂಡಿಕೊಳ್ಳಬಹುದೆಂಬ ಅನುಭವ ದಿನಕ್ಕೆ ಹತ್ತಾರು ಸಲ ಸಿಗುವುದರಿಂದಲೇ ನಂಬಿಕೆ ಬಲಿಯುತ್ತದೆ ಎಂಬುದು ನನ್ನ ಅಭಿಪ್ರಾಯವೂ ಹೌದು.

ಇನ್ನು ಆ ಒಂಬತ್ತು ದಿನಗಳ ವಿಚಾರ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಬಾಂಧವ್ಯ ಬೆಸೆಯಬೇಕೆಂಬ ಮಾತು ಹರಡಿದ್ದು 1970ರ ದಶಕದಲ್ಲಿ, ಮಕ್ಕಳ ವೈದ್ಯರಾದ ಮಾರ್ಷಲ್ ಕ್ಲಾಸ್ ಮತ್ತು ಜಾನ್ ಕೆನೆಲ್ ಅವರ ಬರಹಗಳಿಂದ. ಆಸ್ಪತ್ರೆಗಳು ತಾಯಿ-ಮಗುವನ್ನು ಬೇರ್ಪಡಿಸುವುದು ಕಡಿಮೆಯಾಗಲು ಅವರ ಕೆಲಸ ನೆರವಾಯಿತು, ಅದು ಒಳ್ಳೆಯದೇ. ಆದರೆ ಆ ಗಂಟೆಗಳು ತಪ್ಪಿದರೆ ಎಲ್ಲವೂ ತಪ್ಪಿತು ಎಂಬುದನ್ನು ನಂತರದ ಅಧ್ಯಯನಗಳು ಒಪ್ಪಲಿಲ್ಲ. ‘ಇವರೇ ನನ್ನವರು’ ಎಂದು ಮಗು ಆರಿಸಿಕೊಂಡು ಅಂಟಿಕೊಳ್ಳುವುದು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳ ನಡುವೆ ಸ್ಪಷ್ಟವಾಗುತ್ತದೆ. ತಿಂಗಳುಗಳು ಕಳೆದ ಮೇಲೆ ದತ್ತು ಬಂದ ಮಕ್ಕಳೂ ಹೊಸ ತಂದೆತಾಯಿಯನ್ನು ಗಾಢವಾಗಿ ಹಚ್ಚಿಕೊಳ್ಳುತ್ತಾರೆ.

ಮಗು ಒಮ್ಮೆಯೂ ಕಣ್ಣಿಗೆ ಕಣ್ಣು ಕೂಡಿಸದಿದ್ದರೆ, ನಗದಿದ್ದರೆ ಅಥವಾ ದೊಡ್ಡ ಸದ್ದಿಗೂ ಬೆಚ್ಚದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕಾಗುತ್ತಿತ್ತು. ನಿಮ್ಮ ಮಗಳು ನೋಡಿ ನಗುತ್ತಿದ್ದಾಳೆ. ಅವಧಿಗೆ ಮುನ್ನ ಹುಟ್ಟಿದ್ದರೆ, ಇವುಗಳನ್ನೆಲ್ಲ ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸಬೇಕು.

ಪತ್ರದಲ್ಲಿ ನಿಮ್ಮ ಬಗ್ಗೆ ನೀವು ಏನನ್ನೂ ಬರೆದಿಲ್ಲ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದ್ದರೆ, ಮಗು ಮಲಗಿದಾಗಲೂ ನಿಮಗೆ ನಿದ್ದೆ ಹತ್ತದಿದ್ದರೆ, ತಪ್ಪೆಲ್ಲ ನಿಮ್ಮದೇ ಎನಿಸುತ್ತಿದ್ದರೆ, ಅದು ಹೆರಿಗೆಯ ನಂತರದ ಖಿನ್ನತೆಯಿರಬಹುದು; ಅದಕ್ಕೆ ಚಿಕಿತ್ಸೆಯಿದೆ, ತಡಮಾಡದೆ ವೈದ್ಯರನ್ನು ಕಾಣಿರಿ.