ಮನವಿಗೆ ಸೀಲು ಉಂಟು, ಲಾಬಿಗೆ?

ಪ್ರಶ್ನೆ: ಅಡಿಕೆ ಆಮದಿಗೆ ಕಡಿವಾಣ ಹಾಕುವಂತೆ ಕೋರಿ ನಾವು ಬೆಳೆಗಾರರು ಶಿವಮೊಗ್ಗದ ಜಿಲ್ಲಾಧಿಕಾರಿಗಳ ಮೂಲಕ ಕೇಂದ್ರ ಸರ್ಕಾರಕ್ಕೆ ಮನವಿ ಸಲ್ಲಿಸಿದ್ದೇವೆ. ಆಮದುದಾರರ ಪರವಾಗಿಯೂ ದೆಹಲಿಯಲ್ಲಿ ಲಾಬಿ ನಡೆಯುತ್ತದೆ ಎನ್ನುತ್ತಾರೆ. ಲಾಬಿ ಅಪರಾಧವಲ್ಲವೇ? ಯಾರು ಮಾಡಿದರೆಂದು ತಿಳಿಯುವ ದಾರಿ ಇದೆಯೇ?
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಉತ್ತರ: ಬೇಸರಿಸಬೇಡಿ, ನೀವು ಮಾಡಿದ್ದೂ ಒಂದು ಬಗೆಯ ಲಾಬಿಯೇ. ತಮ್ಮ ಹಿತಕ್ಕಾಗಿ ಸರ್ಕಾರದ ಮುಂದೆ ವಾದ ಮಂಡಿಸುವುದು ಅಪರಾಧವಲ್ಲ. ಆದರೆ ಹಣವನ್ನೋ ಬೇರೆ ಲಾಭವನ್ನೋ ಪಡೆದು, ತನ್ನ ಪ್ರಭಾವ ಬಳಸಿ ಅಧಿಕಾರಿಯಿಂದ ಅಪ್ರಾಮಾಣಿಕವಾಗಿ ಕೆಲಸ ಮಾಡಿಸಿಕೊಡಲು ಹೊರಟವನಿಗೆ, ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿದ 7ಎ ಕಲಮಿನಂತೆ 3ರಿಂದ 7 ವರ್ಷಗಳ ಜೈಲು ಶಿಕ್ಷೆಯಿದೆ.

ನಿಮ್ಮ ಮನವಿಯ ನಕಲಿನ ಮೇಲೆ ಟಪಾಲು ಶಾಖೆಯ ನೇರಳೆ ಸೀಲು, ದಿನಾಂಕ, ಗುಮಾಸ್ತರ ಗೀಚು ಸಹಿ ಇರುತ್ತವೆ. ಹೋಟೆಲಿನ ಕೋಣೆಯಲ್ಲಿ ನಡೆದ ಮಾತುಕತೆಗೆ ಯಾರೂ ಸೀಲು ಹಾಕುವುದಿಲ್ಲ, ತೊಡಕಿರುವುದು ಇಲ್ಲಿಯೇ. ಅಮೆರಿಕದಲ್ಲಿ 1995ರ ಕಾಯ್ದೆಯಂತೆ ಲಾಬಿದಾರರು ನೋಂದಾಯಿಸಿಕೊಳ್ಳಬೇಕು. ಯಾರ ಪರವಾಗಿ, ಯಾವ ವಿಷಯಕ್ಕೆ, ಎಷ್ಟು ಹಣ ಎಂಬುದನ್ನು ಈಗ ಮೂರು ತಿಂಗಳಿಗೊಮ್ಮೆ ವರದಿ ಮಾಡಬೇಕು. ಭಾರತದ ಮಾರುಕಟ್ಟೆ ಪ್ರವೇಶಕ್ಕಾಗಿ ಅಮೆರಿಕದ ಚಿಲ್ಲರೆ ಮಾರಾಟ ಕಂಪನಿ ವಾಲ್‌ಮಾರ್ಟ್ ಲಾಬಿ ನಡೆಸಿದ ಸುದ್ದಿಗೆ 2012ರಲ್ಲಿ ನಮ್ಮ ಸಂಸತ್ತಿನಲ್ಲಿ ಗದ್ದಲವೆದ್ದಿತಲ್ಲ, ಆ ಸುದ್ದಿ ಹೊರಬಿದ್ದದ್ದೂ ಆ ದೇಶದ ವರದಿಗಳಿಂದಲೇ! ಲಾಬಿಗೆಂದೇ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿ ಆದೇಶ ಹೊರಡಿಸಿದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ, 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ‘ಲಾಬಿ ಮಾಡಿದವರು ಯಾರು’ ಎಂದು ಕೇಳಿದರೆ ‘ಅಂಥ ಮಾಹಿತಿ ಲಭ್ಯವಿಲ್ಲ’ ಎಂಬ ಒಂದು ಸಾಲು ಬಂದೀತು. ಇಂಥ ದಿನದಿಂದ ಇಂಥ ದಿನದವರೆಗೆ ಅಡಿಕೆ ಆಮದಿನ ಬಗ್ಗೆ ಬಂದ ಎಲ್ಲ ಮನವಿಗಳ ಪಟ್ಟಿ ಮತ್ತು ನಕಲು, ಆ ಕಡತದ ಟಿಪ್ಪಣಿ ಹಾಳೆಗಳ ನಕಲು ಎಂದು ದಾಖಲೆಗಳನ್ನೇ ಹೆಸರಿಸಿ ಕೇಳಿ. 30 ದಿನಗಳೊಳಗೆ ಉತ್ತರ ಕೊಡಬೇಕು. ವಾಣಿಜ್ಯ ಗೋಪ್ಯತೆಯ ಕಾರಣ ಹೇಳಿ ತಡೆದರೆ, ವಿಶಾಲ ಸಾರ್ವಜನಿಕ ಹಿತವಿದ್ದಾಗ ಅದನ್ನೂ ಕೊಡಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ಕಲಮಿನಲ್ಲೇ ಇರುವುದನ್ನು ಎತ್ತಿ ತೋರಿಸಿ, 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಿ.

ನಿಮ್ಮ ಮನವಿಯನ್ನು ದೆಹಲಿಗೆ ರವಾನಿಸಿದ ಪತ್ರದ ಸಂಖ್ಯೆಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಕೊಟ್ಟ ಪಟ್ಟಿಯಲ್ಲಿ ನಿಮ್ಮದೇ ಮನವಿ ಕಾಣದಿದ್ದರೆ, ಪಟ್ಟಿ ಅಪೂರ್ಣವೆಂದು ವಾದಿಸಲು ಆ ಸಂಖ್ಯೆ ಮತ್ತು ಸೀಲು ಬಿದ್ದ ನಕಲು ಸಾಕು.